ಮರದ ಕಂಬದ ಬುಡ: ಮಳೆಗಾಲಕ್ಕೆ ಮುನ್ನ ಪರೀಕ್ಷೆ ಹೇಗೆ, ಉಪಚಾರ ಏನು?

ಹಳ್ಳದಂಚಿನ ತೋಟಿಗ, ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಮೀಟರ್ ಬೋರ್ಡಿನಿಂದ ಹಳ್ಳದ ಬದಿಯ ಪಂಪ್‌ಹೌಸಿಗೂ ಅಡಿಕೆ ಬೇಯಿಸುವ ಮನೆಗೂ ತಂತಿ ಹೋಗಿರುವುದು ಮರದ ಕಂಬಗಳ ಮೇಲೆ. ಹೆಚ್ಚಿನವು ನಮ್ಮ ಜಾಗದಲ್ಲಿಯೇ ಗಾಳಿಗೆ ಬಿದ್ದಿದ್ದ ಮತ್ತಿ ಮತ್ತು ನಂದಿ ಮರದವು. ಎರಡು ಮಾತ್ರ, ರಸ್ತೆಬದಿಯ ಸಾಲಿಗೆ ಸಿಮೆಂಟ್ ಕಂಬ ಬಂದಾಗ ತಂದೆಯವರು ಹರಾಜಿನಲ್ಲಿ ಕೊಂಡು ತಂದ, ಹಸಿರು ಛಾಯೆಯ ಔಷಧಿ ಕಂಬಗಳು. ಮೇಲ್ಭಾಗದಲ್ಲಿ ಯಾವುದರಲ್ಲಿಯೂ ದೋಷ ಕಾಣುವುದಿಲ್ಲ. ಆದರೆ ಪಂಪ್‌ಹೌಸಿನ ಹತ್ತಿರದ ಮತ್ತಿ ಕಂಬದ ಬುಡದಲ್ಲಿ ವರಲೆಯ (ಗೆದ್ದಲಿನ) ಮಣ್ಣು ಹತ್ತಿದೆ, ಕೈಯಿಂದ ಒತ್ತಿದರೆ ಮೇಲಿನ ಪದರ ಲಡ್ಡಾಗಿ ಉದುರುತ್ತದೆ. ಪಕ್ಕದ ತೋಟದವರು ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟಿಸಿ ಎನ್ನುತ್ತಾರೆ. ಕೆಲಸದವರು ಹಳೆಯ ಎಂಜಿನ್ ಆಯಿಲ್ ಬಳಿದರೆ ಸಾಕು ಎನ್ನುತ್ತಾರೆ. ಕಂಬ ಇನ್ನೂ ಉಳಿಯುತ್ತದೆಯೋ ಇಲ್ಲವೋ ಎಂದು ತಿಳಿಯುವ ವಿಧಾನ ಯಾವುದು? ಈ ಎರಡು ಸಲಹೆಗಳಲ್ಲಿ ಯಾವುದಕ್ಕಾದರೂ ಅರ್ಥವಿದೆಯೇ?

ನಿವೃತ್ತ ಲೈನ್‌ಮ್ಯಾನ್, ತೀರ್ಥಹಳ್ಳಿ

ರಾಯರೇ, ಬುಡ ನೋಡುವ ಮೊದಲು ಕಂಬ ಯಾರದ್ದು ಎಂಬುದನ್ನು ಖಚಿತ ಮಾಡಿಕೊಳ್ಳಿ. ಮೀಟರಿನವರೆಗೆ ಬರುವ ಸರ್ವಿಸ್ ಲೈನ್ ವಿದ್ಯುತ್ ಕಂಪನಿಯ ಕೈಯಲ್ಲಿರುವಂಥದ್ದು. ನಮ್ಮ ಜಿಲ್ಲೆಯಲ್ಲಿ ಅದು ಮೆಸ್ಕಾಂ. ಆ ಕಂಬದ ಬಗ್ಗೆ ಸಂಶಯವಿದ್ದರೆ 1912ಕ್ಕೆ ಕರೆ ಮಾಡಿ ದೂರು ಬರೆಸಬೇಕೇ ಹೊರತು ನೀವು ಅದರ ಬುಡ ಕೆದಕುವಂತಿಲ್ಲ. ಮೀಟರಿನಿಂದ ಆಚೆಗೆ ತೋಟದೊಳಗೆ ಹೋದ ಲೈನು ನಿಮ್ಮದು. ಅಲ್ಲಿಯೂ ತಂತಿಯ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು.

ಎರಡನೆಯದಾಗಿ, ಯಾರನ್ನೂ ಆ ಕಂಬಕ್ಕೆ ಹತ್ತಿಸಬೇಡಿ, ಏಣಿಯನ್ನೂ ಅದಕ್ಕೆ ಒರಗಿಸಬೇಡಿ. ಕೊಳೆತ ಕಂಬವನ್ನು ಹಿಡಿದು ನಿಲ್ಲಿಸಿರುವುದು ಎಷ್ಟೋ ಸಲ ಅದರ ಬುಡವಲ್ಲ, ಎರಡೂ ಕಡೆಯಿಂದ ಎಳೆದಿರುವ ತಂತಿ. ನೋಡಲು ನೆಟ್ಟಗೆ ನಿಂತಿರುತ್ತದೆ. ಹತ್ತಿದವನು ಒಂದು ಕಡೆಯ ತಂತಿ ಬಿಚ್ಚಿದೊಡನೆ ಕಂಬ ಅವನ ಸಮೇತ ಇನ್ನೊಂದು ಕಡೆಗೆ ಒರಗುತ್ತದೆ. ಹಾಗಾಗಿ ನಮಗೆ ಕೆಲಸ ಕಲಿಸಿದ ಹಿರಿಯರು ಮೊದಲು ಸುತ್ತಿಗೆ, ಆಮೇಲೆ ಹಾರೆ, ಕೊನೆಗೆ ಏಣಿ ಎನ್ನುತ್ತಿದ್ದರು.

ಸುತ್ತಿಗೆಯ ಪರೀಕ್ಷೆ ಹೀಗೆ: ಅರ್ಧದಿಂದ ಒಂದು ಕೆ.ಜಿ. ತೂಕದ ಸುತ್ತಿಗೆಯಿಂದ ನೆಲಮಟ್ಟದಿಂದ ಶುರುಮಾಡಿ ಕೈಗೆ ಎಟುಕುವಷ್ಟು ಎತ್ತರದವರೆಗೆ, ಕಂಬದ ಸುತ್ತ ನಾಲ್ಕೂ ದಿಕ್ಕಿನಲ್ಲಿ ಬಡಿಯುತ್ತ ಹೋಗಿ. ಹಲಸಿನ ಹಣ್ಣನ್ನು ತಟ್ಟಿ ನೋಡಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಟ್ಟಿ ಮರ ಠಣ್ ಎಂದು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಒಳಗೆ ಟೊಳ್ಳಾದದ್ದು ಡಬ್ ಎಂದು ಹೊಡೆತವನ್ನು ನುಂಗುತ್ತದೆ. ಒಂದು ಎಚ್ಚರಿಕೆ: ಮಳೆಯಲ್ಲಿ ನೆನೆದ ಮರ ಗಟ್ಟಿಯಿದ್ದರೂ ಮಂದವಾಗಿಯೇ ಸದ್ದು ಮಾಡುತ್ತದೆ. ಆದ್ದರಿಂದ ಯುಗಾದಿ ಕಳೆದು ಮೃಗಶಿರಾ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿಯಬೇಕು. ಆಷಾಢದಲ್ಲಿ ಬಡಿದು ನೋಡಿ ಕಂಬ ಹೋಯಿತು ಎಂದು ತೀರ್ಮಾನಿಸಿದವರನ್ನು ನಾನು ಕಂಡಿದ್ದೇನೆ.

ಅರಣ್ಯಶಾಸ್ತ್ರ ಓದಿದವಳು, ಸಾಗರ

ಹಿರಿಯರು ಹೇಳಿದ್ದು ಸರಿಯಾಗಿದೆ. ಆದರೆ ಸುತ್ತಿಗೆಯ ಸದ್ದು ತಿಳಿಸುವುದು ಮುಖ್ಯವಾಗಿ ಒಳಗಿನ ಟೊಳ್ಳನ್ನು; ನಮ್ಮ ಕಡೆ ಕಂಬ ಮುರಿಯುವುದು ಹೆಚ್ಚಾಗಿ ನೆಲದೊಳಗೆ ಹೊರಗಿನಿಂದ ತಿಂದು ಹೋದ ಬುಡದಲ್ಲಿ. ಅಗೆಯದೆ ಅದು ಕಾಣುವುದಿಲ್ಲ.

ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ನೂರಕ್ಕೆ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ, ಆದ್ದರಿಂದ ಬಿಸಿಲು ಗಾಳಿ ಆಡುವ ಮೇಲ್ಭಾಗ ಬಹುಕಾಲ ಉಳಿಯುತ್ತದೆ. ಇನ್ನು ತುಂಬ ಆಳದಲ್ಲಿ, ಅದರಲ್ಲಿಯೂ ನೀರು ನಿಂತ ಮಣ್ಣಿನಲ್ಲಿ, ಆಮ್ಲಜನಕ ಸಾಲದೆ ಕೊಳೆಯುವಿಕೆ ನಿಧಾನವಾಗುತ್ತದೆ. ಎರಡೂ ಧಾರಾಳವಾಗಿ ಸಿಗುವುದು ನೆಲಮಟ್ಟಕ್ಕೆ ಗೇಣು ಮೇಲಿನಿಂದ ಮೊಳ ಕೆಳಗಿನವರೆಗಿನ ಪಟ್ಟಿಯಲ್ಲಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿಯೂ ಸೊರಬದ ಅರೆಮಲೆನಾಡಿನಲ್ಲಿಯೂ ಕಂಬ ಮುರಿಯುವ ಜಾಗ ಒಂದೇ, ಮುರಿಯಲು ಹಿಡಿಯುವ ಕಾಲ ಮಾತ್ರ ಬೇರೆ. ತೋಟದಲ್ಲಿ ನಾವೇ ಕಂಬದ ಬುಡಕ್ಕೆ ದರಗು, ಸೊಪ್ಪು ರಾಶಿ ಹಾಕಿ ಬೇಸಿಗೆಯಲ್ಲಿಯೂ ತೇವ ಆರದಂತೆ ನೋಡಿಕೊಳ್ಳುತ್ತೇವೆ ಎಂಬುದನ್ನೂ ಹೇಳಬೇಕು. ಅಡಿಕೆ ಮರಕ್ಕೆ ಒಳ್ಳೆಯದಾದದ್ದು ಕಂಬಕ್ಕೆ ಒಳ್ಳೆಯದಲ್ಲ.

ಅಗೆಯುವಾಗ ಕಂಬದ ಸುತ್ತ ಒಂದೂವರೆ ಅಡಿ ಆಳ ಸಾಕು, ಆದರೆ ಸುತ್ತಲೂ ಒಮ್ಮೆಗೇ ಬಿಡಿಸಬಾರದು. ಮೊದಲು ಮೇನ್ ಸ್ವಿಚ್ ತೆಗೆದು, ಕಂಬಕ್ಕೆ ಹಗ್ಗದಿಂದ ಮೂರು ಕಡೆ ಆಧಾರ ಕಟ್ಟಿ, ಅರ್ಧ ಭಾಗ ಅಗೆದು ನೋಡಿ ಮಣ್ಣು ತುಂಬಿ ದಮ್ಮಸ್ಸು ಮಾಡಿದ ಮೇಲೆ ಇನ್ನರ್ಧಕ್ಕೆ ಕೈ ಹಾಕಬೇಕು. ವರಲೆಯ ಮಣ್ಣನ್ನು ಕೆರೆದು ತೆಗೆಯಿರಿ. ಅದರ ಅಡಿಯಲ್ಲಿ ಮರ ಎಷ್ಟಿದೆ ಎಂಬುದು ಮಣ್ಣಿನ ಮೇಲಿಂದ ತಿಳಿಯುವುದಿಲ್ಲ. ಕೊಳೆತದ್ದನ್ನೆಲ್ಲ ಉಳಿಯಿಂದ ಕೆರೆದು, ಗಟ್ಟಿ ಮರ ಸಿಕ್ಕಲ್ಲಿ ಟೇಪು ಹಿಡಿದು ಸುತ್ತಳತೆ ತೆಗೆಯಿರಿ. ನೆಲದಿಂದ ಒಂದು ಮೀಟರ್ ಮೇಲೆ, ಕೊಳೆಯದ ಜಾಗದಲ್ಲಿ ಇನ್ನೊಂದು ಅಳತೆ ಇರಲಿ. ಉಳಿದದ್ದನ್ನೆಲ್ಲ ಈ ಎರಡು ಅಂಕಿಗಳೇ ಹೇಳುತ್ತವೆ.

ಉಳಿ ಬಾಚಿ, ಸಾಗರ

ಅಮ್ಮಾ, ನಾನು ಮರಗೆಲಸದವನು, ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮತ್ತಿ, ಹೊನ್ನೆ, ಜಂಬೆ ಇವುಗಳಲ್ಲಿ ಹೊರಗಿನ ಬಿಳಿಯ ಭಾಗವನ್ನು ವರಲೆ ತಿಂದೇ ತಿನ್ನುತ್ತದೆ. ಅದು ಹೋದ ಮೇಲೆ ಒಳಗಿನ ಚೇಗು ಕಲ್ಲಿನ ಹಾಗೆ ನಿಲ್ಲುತ್ತದೆ. ಹೊರಗೆ ಲಡ್ಡಾದದ್ದನ್ನು ನೋಡಿ ಹೆದರಿ ಒಳ್ಳೆಯ ಕಂಬ ಕಿತ್ತವರು ಬಹಳ ಜನ. ನೀಲಗಿರಿ, ಸರ್ವೆ ಇವುಗಳ ಮಾತು ಬೇರೆ. ಉಪಚಾರವಿಲ್ಲದೆ ಹೂತರೆ ನಮ್ಮ ಮಳೆಗೆ ಅವು ಬಾಳುವುದಿಲ್ಲ. ಅಡಿಕೆ ಮರದ ಕಂಬವನ್ನಂತೂ ತಂತಿಗೆ ಬಳಸಲೇಬಾರದು, ಅದರಲ್ಲಿ ಗಟ್ಟಿ ಇರುವುದು ಹೊರಪದರ ಮಾತ್ರ.

ಅರಣ್ಯಶಾಸ್ತ್ರ ಓದಿದವಳು, ಸಾಗರ

ಆಚಾರ್ರೇ, ಚೇಗು ಬಾಳುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ನನ್ನ ಪ್ರಶ್ನೆ ಉಳಿದ ಚೇಗು ಸಾಕೇ ಎಂಬುದು. ಬಾಗುವ ಹೊರೆಯನ್ನು ತಡೆಯುವ ಶಕ್ತಿ ಕಂಬದ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. 20 ಸೆಂ.ಮೀ. ದಪ್ಪದ ಕಂಬ ಸುತ್ತಲೂ ಒಂದೊಂದೇ ಸೆಂ.ಮೀ. ಕಳೆದುಕೊಂಡು 18 ಆದರೆ ಉಳಿಯುವ ಶಕ್ತಿ ನೂರಕ್ಕೆ 73, ಎರಡೆರಡು ಸೆಂ.ಮೀ. ಹೋಗಿ 16 ಆದರೆ ನೂರಕ್ಕೆ 51, ಅಂದರೆ ಅರ್ಧ. ಅದೇ ಕಂಬ ಹೊರಗೆ ಪೂರ್ತಿ ಗಟ್ಟಿಯಿದ್ದು ನಟ್ಟನಡುವೆ 10 ಸೆಂ.ಮೀ. ಟೊಳ್ಳಾಗಿದ್ದರೆ ಕಳೆದುಕೊಳ್ಳುವುದು ನೂರಕ್ಕೆ ಸುಮಾರು 6 ಮಾತ್ರ. ಜನ ಹೆದರುವುದು ಟೊಳ್ಳಿಗೆ, ಹೆದರಬೇಕಾದದ್ದು ಸವೆದ ಹೊರಮೈಗೆ. ಬಿಳಿಯ ಭಾಗ ಹೋಗಬಹುದು ಎಂದು ಮೊದಲೇ ಲೆಕ್ಕ ಹಾಕಿ, ಚೇಗಿನ ದಪ್ಪವನ್ನಷ್ಟೇ ನಂಬಿ ಕಂಬ ಹೂತಿದ್ದರೆ ನಿಮ್ಮ ಮಾತು ಪೂರ್ತಿ ಸರಿ. ಹಾಗೆ ಲೆಕ್ಕ ಹಾಕಿ ಹೂತವರು ಕಡಿಮೆ.

ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸುರಕ್ಷತಾ ಸಂಹಿತೆಯಲ್ಲಿ, ಮರದ ಕಂಬದ ಶಕ್ತಿ ಬೇಕಾದದ್ದರ ಮೂರನೇ ಎರಡಕ್ಕೆ ಇಳಿದರೆ ಅದನ್ನು ಬದಲಿಸಬೇಕು ಅಥವಾ ಬಲಪಡಿಸಬೇಕು ಎಂದಿದೆ. ಸುತ್ತಳತೆಯ ಲೆಕ್ಕದಲ್ಲಿ, ಮೂಲದ ನೂರಕ್ಕೆ ಸುಮಾರು 87ಕ್ಕೆ ಇಳಿದಾಗ ಆ ಗಡಿ ಬರುತ್ತದೆ. ನಮ್ಮಲ್ಲಿಯೂ 1956ರ ಭಾರತೀಯ ವಿದ್ಯುತ್ ನಿಯಮಗಳು ಮರದ ಕಂಬಕ್ಕೆ 3.0 ಸುರಕ್ಷತಾ ಗುಣಾಂಕವನ್ನು, ಅಂದರೆ ಬೀಳುವ ಹೊರೆಯ ಮೂರು ಪಟ್ಟು ತಡೆಯುವ ಶಕ್ತಿಯನ್ನು, ಕೇಳಿದ್ದವು. ಸಿಮೆಂಟ್ ಕಂಬಕ್ಕೆ ಅದಕ್ಕಿಂತ ಕಡಿಮೆ ಸಾಕಾಗಿತ್ತು. ಮರ ಒಂದರ ಹಾಗೆ ಇನ್ನೊಂದಿಲ್ಲ, ಕಾಲ ಕಳೆದಂತೆ ಸವೆಯುತ್ತದೆ ಎಂಬ ಕಾರಣಕ್ಕೇ ಆ ಹೆಚ್ಚಿನ ಅಂಚು.

ಉಳಿ ಬಾಚಿ, ಸಾಗರ

ಲೆಕ್ಕ ಒಪ್ಪಿದೆ. ಒಳಗನ್ನು ನೋಡಬೇಕೆಂದರೆ ಸಣ್ಣ ಬೈರಿಗೆಯಿಂದ ನೆಲಮಟ್ಟದಲ್ಲಿ ಓರೆಯಾಗಿ ಕೆಳಮುಖಕ್ಕೆ ಕೊರೆಯಿರಿ. ಬೈರಿಗೆ ಬಿಗಿಯಾಗಿ ಹೋಗುತ್ತ ಸುರುಳಿ ಸುರುಳಿಯಾದ ಹೊಟ್ಟು ಬಂದರೆ ಮರ ಒಳ್ಳೆಯದು. ಸಲೀಸಾಗಿ ಇಳಿದು ಕಂದು ಪುಡಿ ಬಂದರೆ ಅಲ್ಲಿಂದ ಕೊಳೆತಿದೆ. ಎಷ್ಟು ಆಳದಲ್ಲಿ ಹಿಡಿತ ತಪ್ಪಿತು ಎಂಬುದನ್ನು ಬೈರಿಗೆಯ ಮೇಲೆ ಗುರುತು ಹಾಕಿಕೊಳ್ಳಿ. ಹೊರಗೋಡೆ ಎರಡು ಇಂಚಿಗಿಂತ ತೆಳುವಾಗಿದ್ದರೆ, ಲೆಕ್ಕ ಏನೇ ಹೇಳಲಿ, ನಾನು ಆ ಕಂಬವನ್ನು ನಂಬುವುದಿಲ್ಲ. ಕೊರೆದ ತೂತಿಗೆ ಔಷಧಿಯಲ್ಲಿ ನೆನೆಸಿದ ಗಟ್ಟಿ ಮರದ ಬೆಣೆ ಬಡಿಯಿರಿ. ಹಾಗೆಯೇ ಬಿಟ್ಟರೆ ಕೊಳೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಕಟ್ಟೆ ಪಕ್ಷ, ಕೊಪ್ಪ

ಸಿಮೆಂಟ್ ಕಟ್ಟೆಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ತೋಟದ ಕಂಬಗಳಿಗೆಲ್ಲ ಕಟ್ಟೆ ಕಟ್ಟಿಸಿದ್ದೇನೆ, ಯಾವುದೂ ಅಲುಗಾಡಿಲ್ಲ. ವರಲೆಯೂ ಹತ್ತುವುದಿಲ್ಲ. ಖರ್ಚು ಒಂದೇ ಸಲ.

ನಿವೃತ್ತ ಲೈನ್‌ಮ್ಯಾನ್, ತೀರ್ಥಹಳ್ಳಿ

ಗೌಡರೇ, ಅಲುಗಾಡದಿರುವುದು ಕಟ್ಟೆಯ ಗುಣ. ಕಂಬ ಚೆನ್ನಾಗಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಸಿಮೆಂಟ್ ಕುಗ್ಗುವುದಿಲ್ಲ. ನಡುವೆ ಬೆರಳುಗುರು ಹಿಡಿಯುವಷ್ಟು ಸಂದು ಬಿಡುತ್ತದೆ. ಮಳೆಗಾಲದಲ್ಲಿ ಕಂಬದ ಮೈಮೇಲಿಂದ ಇಳಿದ ನೀರೆಲ್ಲ ಆ ಸಂದಿಗೆ ಹೋಗಿ, ಕೆಳಗೆ ಇಂಗಲು ದಾರಿಯಿಲ್ಲದೆ ದೀಪಾವಳಿಯವರೆಗೂ ನಿಂತಿರುತ್ತದೆ. ವರಲೆಯೂ ಅದೇ ಸಂದಿನಲ್ಲಿ ಯಾರಿಗೂ ಕಾಣದಂತೆ ಮೇಲೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಯಾರೂ ಆ ಬುಡವನ್ನು ಅಗೆದು ನೋಡಲಾರರು. ಕಟ್ಟೆಯ ಮೇಲಂಚಿಗೆ ಸರಿಯಾಗಿ ಕತ್ತರಿಸಿದ ಹಾಗೆ ಮುರಿದ ಕಂಬಗಳನ್ನು ನೋಡಿದ್ದೇನೆ.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಂಬದ ಆರನೇ ಒಂದು ಭಾಗ ಹೂತರೆ, 9 ಮೀಟರಿಗೆ ಒಂದೂವರೆ ಮೀಟರ್, ಕಟ್ಟೆಯ ಅಗತ್ಯವೇ ಬರುವುದಿಲ್ಲ. ಗುಂಡಿಯ ತಳಕ್ಕೆ ಜಲ್ಲಿ, ಸುತ್ತ ಮಣ್ಣನ್ನು ಪದರ ಪದರವಾಗಿ ಹಾರೆಯಿಂದ ಗುದ್ದಿ, ಮೇಲೆ ನೀರು ಹೊರಕ್ಕೆ ಹರಿಯುವಂತೆ ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು.

ಕಟ್ಟೆ ಪಕ್ಷ, ಕೊಪ್ಪ

ಗದ್ದೆಯ ಅಂಚಿನ ಮಣ್ಣಿನಲ್ಲಿ ಗುದ್ದಿದರೂ ಕಂಬ ಒರಗುತ್ತದಲ್ಲ? ಅಲ್ಲಿಗೆ ಏನು ಮಾಡುವುದು? ನಿಮ್ಮ ವಾದ ಗಟ್ಟಿ ನೆಲದವರಿಗೆ ಅನುಕೂಲವಾಗಿದೆ.

ನಿವೃತ್ತ ಲೈನ್‌ಮ್ಯಾನ್, ತೀರ್ಥಹಳ್ಳಿ

ಜೌಗು ಜಾಗಕ್ಕೆ ಮರದ ಕಂಬವೇ ತರವಲ್ಲ, ಸಿಮೆಂಟ್ ಕಂಬ ಹಾಕಿ ಎಂದು ನೇರವಾಗಿಯೇ ಹೇಳುತ್ತೇನೆ. ಸದ್ಯಕ್ಕೆ ಇರುವುದನ್ನು ಉಳಿಸಬೇಕಾದರೆ ಸ್ಟೇ ವೈರ್, ಅಂದರೆ ಕಂಬವನ್ನು ನೆಲಕ್ಕೆ ಓರೆಯಾಗಿ ಎಳೆದು ಕಟ್ಟುವ ತಂತಿ, ಕೊಡಿಸಿ. ಸ್ಟೇಗೆ ನೆಲದಿಂದ 3 ಮೀಟರಿಗಿಂತ ಕಡಿಮೆಯಿಲ್ಲದ ಎತ್ತರದಲ್ಲಿ ಇನ್ಸುಲೇಟರ್ ಇರಬೇಕು, ಇಲ್ಲವೇ ಸ್ಟೇಯನ್ನು ಅರ್ಥ್ ಮಾಡಿರಬೇಕು. ದನ ಕಟ್ಟಲು, ಬಟ್ಟೆ ಹರವಲು ಸ್ಟೇ ವೈರನ್ನು ಬಳಸುವ ಮನೆಗಳು ನಮ್ಮೂರಲ್ಲಿ ಕಡಿಮೆಯಿಲ್ಲ, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ನೆನೆದ ಮರವೂ ವಿದ್ಯುತ್ ಹರಿಯಲು ಬಿಡುತ್ತದೆ. ಮರದ ಕಂಬ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ.

ಬೋರ್ಡೋ ಬ್ಯಾರೆಲ್, ಶೃಂಗೇರಿ

ಕೊಳೆರೋಗಕ್ಕೆ ನಾವೆಲ್ಲ ಹೊಡೆಯುವ ಮೈಲುತುತ್ತ ಶಿಲೀಂಧ್ರವನ್ನು ಕೊಲ್ಲುತ್ತದೆಯಲ್ಲ, ಅದನ್ನೇ ಗಟ್ಟಿಯಾಗಿ ಕದಡಿ ಕಂಬದ ಬುಡಕ್ಕೆ ಬಳಿದರೆ ಆಗದೇ? ಮನೆಯಲ್ಲಿ ಹೇಗೂ ದಾಸ್ತಾನು ಇರುತ್ತದೆ.

ಅರಣ್ಯಶಾಸ್ತ್ರ ಓದಿದವಳು, ಸಾಗರ

ಒಳ್ಳೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬುಷೆರಿ ಎಂಬವರು, ಆಗತಾನೇ ಕಡಿದ ಹಸಿ ಮರದೊಳಗೆ ಮೈಲುತುತ್ತದ ದ್ರಾವಣವನ್ನು ಹರಿಸಿ ಟೆಲಿಗ್ರಾಫ್ ಕಂಬಗಳನ್ನು ಉಪಚರಿಸುವ ವಿಧಾನ ರೂಪಿಸಿದ್ದರು. ತೊಡಕೆಂದರೆ ಮೈಲುತುತ್ತ ನೀರಿನಲ್ಲಿ ಕರಗುವ ತಾಮ್ರದ ಲವಣ; ಮರಕ್ಕೆ ಹೋದದ್ದು ಮಳೆಯಲ್ಲಿ ಮತ್ತೆ ಹೊರಗೆ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತಕ್ಕೆ ಸುಣ್ಣ ಸೇರಿಸುವುದರಿಂದ ತಾಮ್ರ ಗೊನೆಯ ಮೇಲೆ ಕೆಲವು ವಾರ ನಿಲ್ಲುತ್ತದೆ. ಕಂಬದಲ್ಲಿ ಅದು ದಶಕಗಟ್ಟಲೆ ನಿಲ್ಲಬೇಕು. ಈ ತೊಡಕನ್ನು ಬಿಡಿಸಿದವರು ನಮ್ಮ ದೇಶದವರೇ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಜೊತೆಗೆ ಕ್ರೋಮಿಯಂ ಲವಣವನ್ನು ಸೇರಿಸಿದರು. ಕ್ರೋಮಿಯಂ ಉಳಿದೆರಡನ್ನು ಮರದ ನಾರಿಗೆ ಹಿಡಿದು ನಿಲ್ಲಿಸುತ್ತದೆ, ಮಳೆಗೆ ಸುಲಭವಾಗಿ ಬಿಡುವುದಿಲ್ಲ. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಗೆದ್ದಲಿಗೆ. ಆಸ್ಕು ಎಂಬ ಹೆಸರಿನಲ್ಲಿ ಅದು ಪ್ರಚಾರಕ್ಕೆ ಬಂತು, ಜಗತ್ತಿನಾದ್ಯಂತ ಕಂಬಗಳಿಗೆ ಬಳಕೆಯಾಯಿತು. ರಾಯರ ತಂದೆಯವರು ತಂದ ಕಂಬಗಳ ಹಸಿರು ಛಾಯೆಗೆ ಬಹುಶಃ ಇದೇ ಬಗೆಯ ಔಷಧಿ ಕಾರಣ.

ಇದನ್ನು ಕಾರ್ಖಾನೆಯಲ್ಲಿ ಉಕ್ಕಿನ ಕೊಳವೆಯೊಳಗೆ ಕಂಬವನ್ನಿಟ್ಟು, ಗಾಳಿ ಎಳೆದು ತೆಗೆದು, ಒತ್ತಡದಲ್ಲಿ ದ್ರಾವಣ ತುಂಬಿಸಿ ಮಾಡುತ್ತಾರೆ. ಬ್ರಶ್ಶಿನಲ್ಲಿ ಬಳಿದದ್ದು, ಅದು ಮೈಲುತುತ್ತವಿರಲಿ, ಡಾಂಬರಿರಲಿ, ಗೇರೆಣ್ಣೆಯಿರಲಿ, ಕೆಲವು ಮಿ.ಮೀ. ಒಳಗೆ ಹೋದರೆ ಹೆಚ್ಚು. ಮರ ಬಿರಿದ ಕಡೆ ಶಿಲೀಂಧ್ರ ಅದನ್ನು ದಾಟಿ ಒಳಹೊಕ್ಕುತ್ತದೆ. ಹೊಸ ಕಂಬ ಹೂಳುವ ಮೊದಲು ಗೇರೆಣ್ಣೆ ಹಚ್ಚುವುದರಲ್ಲಿ ತಪ್ಪಿಲ್ಲ, ಅಷ್ಟರಮಟ್ಟಿಗೆ ಲಾಭವೇ. ಹಳೆಯ ಎಂಜಿನ್ ಆಯಿಲ್ ಮಾತ್ರ ಬೇಡ; ಔಷಧಿ ಗುಣ ಹೆಚ್ಚೇನೂ ಇಲ್ಲ, ಹಳ್ಳದ ಬದಿಯಲ್ಲಿ ಅದು ನೀರಿಗೇ ಇಳಿಯುತ್ತದೆ. ನಿಂತಿರುವ ಕಂಬಕ್ಕೆ ಉಪಯೋಗವಾಗುವುದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಮಿಶ್ರಣ. ಓರೆಯಾಗಿ ಕೊರೆದ ತೂತಿಗೆ ತುಂಬಿ ಬೆಣೆ ಹಾಕಿದರೆ, ಮರದ ತೇವದಲ್ಲಿಯೇ ಕರಗಿ ಅದು ಒಳಗೆ ಹರಡುತ್ತದೆ. ಆದರೆ ಮಣ್ಣಿನ ತೇವಕ್ಕೆ ನಿಧಾನವಾಗಿ ತೊಳೆದೂ ಹೋಗುವುದರಿಂದ ಕೆಲವು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು. ಇದು ಮುಂದಿನ ಕೊಳೆಯನ್ನು ತಡೆಯುತ್ತದೆ. ಹೋದ ಮರ ಹೋದದ್ದೇ.

ತಂತಿ ಎಳೆಯುವವನು, ರಿಪ್ಪನ್‌ಪೇಟೆ

ಕೇಬಲ್ ಕೆಲಸದವನಾಗಿ ಒಂದು ಸೇರ್ಪಡೆ. ಬುಡವನ್ನು ಅಳೆಯುವವರು ಮೇಲೆ ಏನು ಹೊರೆಯಿದೆ ಎಂದೂ ನೋಡಬೇಕು. ಮೊದಲು ಪಂಪಿನ ತಂತಿ ಮಾತ್ರ ಇದ್ದ ಕಂಬಕ್ಕೆ ಆಮೇಲೆ ಟಿ.ವಿ. ಕೇಬಲ್, ಇಂಟರ್‌ನೆಟ್ ಫೈಬರ್, ಅದರ ಸುರುಳಿ, ಪೆಟ್ಟಿಗೆ ಎಲ್ಲ ಸೇರಿರುತ್ತವೆ, ಎಲ್ಲವೂ ಒಂದೇ ಕಡೆಗೆ ಎಳೆಯುತ್ತಿರುತ್ತವೆ. ಕಂಬ ಸ್ವಲ್ಪ ವಾಲಿದರೂ ನಡುವಿನ ತಂತಿ ಜೋತುಬೀಳುತ್ತದೆ. ರಸ್ತೆ ದಾಟದ, ರಸ್ತೆಯುದ್ದಕ್ಕೂ ಹೋಗದ ಜಾಗದಲ್ಲಿ ಬರಿಯ ತಂತಿ ನೆಲದಿಂದ 4.6 ಮೀಟರ್, ರಸ್ತೆ ದಾಟುವಲ್ಲಿ 5.8 ಮೀಟರ್ ಎತ್ತರವಿರಬೇಕು. ತೋಟದಲ್ಲಿ ಉದ್ದನೆಯ ದೋಟಿ ಓಡಾಡುತ್ತದೆ. ಅಲ್ಯೂಮಿನಿಯಂ ಮಾತ್ರವಲ್ಲ, ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ. ಸಾಧ್ಯವಿದ್ದರೆ ತೋಟದೊಳಗೆ ಬರಿಯ ತಂತಿಯನ್ನು ತೆಗೆಸಿ, ಹೊದಿಕೆಯಿರುವ ಕೇಬಲ್ ಹಾಕಿಸಿ.

ಹಳ್ಳದಂಚಿನ ತೋಟಿಗ, ಹೊಸನಗರ

ನೀವೆಲ್ಲ ಹೇಳಿದ ಕ್ರಮದಲ್ಲಿಯೇ ಅಗೆದು ಅಳೆದೆವು. ಪಂಪ್‌ಹೌಸಿನ ಮತ್ತಿ ಕಂಬ ಒಂದು ಮೀಟರ್ ಎತ್ತರದಲ್ಲಿ 66 ಸೆಂ.ಮೀ. ಸುತ್ತಳತೆಯಿದೆ, ನೆಲದ ಕೆಳಗೆ ಗೇಣುದ್ದದಲ್ಲಿ ಕೊಳೆತದ್ದನ್ನು ಕೆರೆದ ಮೇಲೆ ಉಳಿದದ್ದು 56. ಸುತ್ತಿಗೆಗೆ ಅದು ಠಣ್ ಎಂದೇ ಸದ್ದು ಮಾಡಿತ್ತು. ಹಸಿರು ಕಂಬಗಳಲ್ಲಿ ಒಂದು ಮೇಲೆ 70, ಕೆಳಗೂ 70. ಆದರೆ ಬಡಿದಾಗ ಮಂದವಾದ ಸದ್ದು, ಕೊರೆದಾಗ 8 ಸೆಂ.ಮೀ. ಆದ ಮೇಲೆ ಪುಡಿ ಬಂತು.

ಅರಣ್ಯಶಾಸ್ತ್ರ ಓದಿದವಳು, ಸಾಗರ

ಮತ್ತಿ ಕಂಬದಲ್ಲಿ ಉಳಿದಿರುವುದು ನೂರಕ್ಕೆ 61. ಕಂಬ ಬುಡದ ಕಡೆಗೆ ದಪ್ಪವಾಗುತ್ತ ಹೋಗುವುದರಿಂದ ಮೂಲ ಸುತ್ತಳತೆ 66ಕ್ಕಿಂತ ಹೆಚ್ಚೇ ಇದ್ದಿರಬೇಕು, ಅಂದರೆ ನಿಜವಾದ ನಷ್ಟ ಇನ್ನೂ ದೊಡ್ಡದು. ಗಡಿ ದಾಟಿದೆ. ಹಸಿರು ಕಂಬದ್ದು ಸುಮಾರು 22 ಸೆಂ.ಮೀ. ವ್ಯಾಸದಲ್ಲಿ ನಡುವೆ 6 ಸೆಂ.ಮೀ. ಟೊಳ್ಳು, ಟೊಳ್ಳು ನಟ್ಟನಡುವೆಯೇ ಇದ್ದರೆ ಶಕ್ತಿಯ ನಷ್ಟ ನೂರಕ್ಕೆ ಒಂದೂ ಆಗುವುದಿಲ್ಲ. ಇನ್ನೊಂದು ದಿಕ್ಕಿನಿಂದಲೂ ಒಮ್ಮೆ ಕೊರೆದು ನೋಡಿ, ಬೋರಾಕ್ಸ್ ತುಂಬಿ, ಬೆಣೆ ಹಾಕಿ ಬಿಡಿ.

ಉಳಿ ಬಾಚಿ, ಸಾಗರ

ಮತ್ತಿ ಕಂಬದ ಮೇಲ್ಭಾಗ ಗಟ್ಟಿಯಿದ್ದರೆ ಪೂರ್ತಿ ಎಸೆಯಬೇಕಾಗಿಲ್ಲ. ಎರಡು ಕಬ್ಬಿಣದ ಚಾನಲ್‌ಗಳನ್ನು ನೆಲದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿ, ಕೊಳೆತ ಬುಡವನ್ನು ಕತ್ತರಿಸಿದ ಕಂಬವನ್ನು ಅವುಗಳ ನಡುವೆ ಬೋಲ್ಟಿನಿಂದ ಬಿಗಿಯಬಹುದು. ಮರದ ತುದಿ ನೆಲದಿಂದ ನಾಲ್ಕು ಬೆರಳು ಮೇಲೆಯೇ ಇರಲಿ. ಕಾಂಕ್ರೀಟ್ ಇಲ್ಲಿ ಕಬ್ಬಿಣವನ್ನು ಹಿಡಿಯುತ್ತದೆ, ಮರವನ್ನಲ್ಲ. ಕೊಪ್ಪದ ಗೌಡರಿಗೂ ಸಮಾಧಾನವಾಗಬಹುದು. ಕಂಬದ ಎತ್ತರ ಕಡಿಮೆಯಾಗುವುದರಿಂದ ತಂತಿಯ ಎತ್ತರವನ್ನು ಮತ್ತೆ ಅಳೆಯಬೇಕು.

ಕಟ್ಟೆ ಪಕ್ಷ, ಕೊಪ್ಪ

ಅರ್ಧ ಸಮಾಧಾನ. ಬೇಸಿಗೆಯಲ್ಲಿ ಒಂದು ಕಟ್ಟೆ ಒಡೆಸಿ ನೋಡಿ ಹೇಳುತ್ತೇನೆ.

ಹಳ್ಳದಂಚಿನ ತೋಟಿಗ, ಹೊಸನಗರ

ಚಾನಲ್ ಕೆಲಸವನ್ನು ಗುತ್ತಿಗೆದಾರರಿಗೆ ಒಪ್ಪಿಸುತ್ತೇನೆ. ಎರಡನೆಯ ಹಸಿರು ಕಂಬ ಮಾತ್ರ ತುದಿಯಿಂದ ಸೀಳಿದೆ, ಅದನ್ನು ತೆಗೆಯುವುದೇ ಸರಿ ಎನ್ನಿಸುತ್ತಿದೆ. ಒಡೆದು ಬಚ್ಚಲ ಒಲೆಗೆ ಹಾಕಬಹುದಲ್ಲವೇ?

ಅರಣ್ಯಶಾಸ್ತ್ರ ಓದಿದವಳು, ಸಾಗರ

ಖಂಡಿತ ಬೇಡ. ಬಚ್ಚಲ ಒಲೆಗೂ ಬೇಡ, ಅಡಿಕೆ ಬೇಯಿಸುವ ಒಲೆಗೂ ಬೇಡ. ಆ ಮರವನ್ನು ಸುಟ್ಟರೆ ಆರ್ಸೆನಿಕ್ ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಒಟ್ಟುಗೂಡುತ್ತದೆ. ನಮ್ಮ ಮನೆಗಳಲ್ಲಿ ಬೂದಿ ಎಲ್ಲಿಗೆ ಹೋಗುತ್ತದೆ ಎಂದು ನಿಮಗೇ ಗೊತ್ತು: ತೆಂಗಿನ ಬುಡಕ್ಕೆ, ತರಕಾರಿ ಗಿಡಕ್ಕೆ, ಗೊಬ್ಬರದ ಗುಂಡಿಗೆ, ಕೆಲವು ಕಡೆ ಪಾತ್ರೆ ತಿಕ್ಕುವುದಕ್ಕೆ. ಉಪ್ಪಿನ ರುಚಿಗೆ ದನಗಳು ಆ ಬೂದಿಯನ್ನು ನೆಕ್ಕುವುದೂ ಉಂಟು. ಕೊಯ್ಯುವಾಗ ಬರುವ ಹೊಟ್ಟನ್ನು ಕೊಟ್ಟಿಗೆಗೆ ಹಾಸಬೇಡಿ. ಕೊಯ್ಯುವವರು ಮೂಗು ಬಾಯಿ ಮುಚ್ಚಿಕೊಂಡು, ಕೈಗವಸು ಹಾಕಿಕೊಳ್ಳಲಿ. ಸೀಳಿದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಬಾವಿಯಿಂದ, ಹಳ್ಳದಿಂದ ದೂರದ ಬೇಲಿಗೆ ಗೂಟವಾಗಿ ಬಳಸಿ.

ಹಳ್ಳದಂಚಿನ ತೋಟಿಗ, ಹೊಸನಗರ

ತಿಳಿಯಿತು. ದರೆಯ ಮೇಲಿನ ಬೇಲಿಗೆ ಹಾಕಿಸುತ್ತೇನೆ, ಕತ್ತರಿಸಿದ ತುದಿಯನ್ನು ಒಲೆಯ ಹತ್ತಿರದ ಸೌದೆ ರಾಶಿಗೆ ಸೇರದಂತೆ ಬೇರೆ ಇಡುತ್ತೇನೆ.